ಮಲೆನಾಡಿನ ಕತ್ತಿ: ಆಯ್ಕೆ, ಬಳಕೆ ಮತ್ತು ಹದದ ಅರಿವು

ಪೀಠಿಕೆ

ಮಾನವನ ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ದುಡಿಮೆಯ ಉಪಕರಣಗಳಿಗೆ ವಿಶಿಷ್ಟ ಸ್ಥಾನವಿದೆ. ಒಂದು ಜನಸಮುದಾಯವು ತನ್ನ ಸುತ್ತಲಿನ ನೆಲ, ಜಲ, ಸಸ್ಯಗಳೊಂದಿಗೆ ಎಂತಹ ಸಂಬಂಧವನ್ನು ಕಟ್ಟಿಕೊಂಡಿತ್ತು ಎಂಬುದನ್ನು ಅದು ಬಳಸಿದ ಉಪಕರಣಗಳು ಸ್ಪಷ್ಟವಾಗಿ ತೋರಿಸಿಕೊಡುತ್ತವೆ. ನೇಗಿಲು, ಕುಂಟೆ, ಕೂರಿಗೆಗಳು ಬಯಲುಸೀಮೆಯ ಬೇಸಾಯಕ್ಕೆ ಹೇಗೆ ಅನಿವಾರ್ಯವೋ ಮಲೆನಾಡು ಮತ್ತು ಕರಾವಳಿಯ ಬದುಕಿಗೆ ಕತ್ತಿಯು ಹಾಗೆಯೇ ಅನಿವಾರ್ಯ. ಆದರೆ ಕತ್ತಿಯ ಪ್ರಸ್ತಾಪ ಬಂದಾಗಲೆಲ್ಲ ಅದು ಬಹುಮಟ್ಟಿಗೆ ಆಯುಧವಾಗಿಯೇ ನಮ್ಮ ಮನಸ್ಸಿಗೆ ಬರುತ್ತದೆ. ಯುದ್ಧ, ವೀರಗಲ್ಲು, ಅರಮನೆಯ ಶಸ್ತ್ರಾಗಾರಗಳ ಚೌಕಟ್ಟಿನಾಚೆಗೆ, ಬೆಳಗಿನಿಂದ ಬೈಗಿನವರೆಗೆ ಸೊಂಟದಲ್ಲಿ ತೂಗುತ್ತ ಸೊಪ್ಪು, ಸೌದೆ, ಬಿದಿರು, ಬೇಲಿಗಳ ಕೆಲಸಕ್ಕೆ ಒದಗುವ ದುಡಿಮೆಯ ಕತ್ತಿ ನಮ್ಮ ಗಮನಕ್ಕೆ ಬರುವುದು ಕಡಿಮೆ.

ಇಲ್ಲಿ ಕತ್ತಿ ಎಂದರೆ ಅಲಗು ಹಿಡಿಯಲ್ಲಿ ಸ್ಥಿರವಾಗಿ ನೆಟ್ಟಿರುವ, ಮಡಿಸಲು ಬಾರದ, ಮನೆಯ ಹೊರಗಿನ ಕೆಲಸಗಳಿಗೆ ಬಳಸುವ ಉಪಕರಣವೆಂದು ಅರ್ಥ. ಅದನ್ನು ಆರಿಸಿಕೊಳ್ಳುವಾಗ ಏನನ್ನು ನೋಡಬೇಕು, ಹೇಗೆ ಬಳಸಬೇಕು, ಹೇಗೆ ಕಾಪಾಡಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ವಿವರಣೆಯ ಮೂಲಕ ಒಂದು ವಿಚಾರವನ್ನು ಸ್ಥಾಪಿಸಲು ಇಲ್ಲಿ ಪ್ರಯತ್ನಿಸಲಾಗಿದೆ. ಮಲೆನಾಡಿನ ಕತ್ತಿಯು ಅಂಗಡಿಯಿಂದ ಸಿದ್ಧವಾಗಿ ಬಂದ ವಸ್ತುವಾಗಿರಲಿಲ್ಲ. ಬಳಸುವವನ ಕೈ, ಮಾಡಬೇಕಾದ ಕೆಲಸ ಮತ್ತು ಕಮ್ಮಾರನ ಕುಲುಮೆ ಈ ಮೂರೂ ಸೇರಿ ಕೈಗೊಂಡ ಒಂದು ತೀರ್ಮಾನವಾಗಿತ್ತು. ಆ ತೀರ್ಮಾನದ ಹಿಂದಿನ ಅರಿವು ದಾಖಲಾಗದೆ ಹೋದರೆ ಉಳಿಯುವುದು ಕಬ್ಬಿಣದ ತುಂಡು ಮಾತ್ರ.

ಹೆಸರು ಮತ್ತು ವರ್ಗೀಕರಣ

‘ಕತ್ತಿ’ ಎಂಬುದು ದಕ್ಷಿಣದ ದ್ರಾವಿಡ ಭಾಷೆಗಳಿಗೆ ಸಾಮಾನ್ಯವಾದ ಪದ. ತಮಿಳು, ಮಲೆಯಾಳ, ತುಳು, ಕೊಡವ, ತೆಲುಗುಗಳಲ್ಲಿಯೂ ಇದು ಬಳಕೆಯಲ್ಲಿದೆ. ಮಡಿಸುವ ಸಣ್ಣ ಉಪಕರಣಕ್ಕೆ ನಾವು ಬಳಸುವ ‘ಚಾಕು’ ಹೊರಗಿನಿಂದ ಬಂದ ಪದವಾಗಿದ್ದು, ಬಳಕೆದಾರರ ಮನಸ್ಸಿನಲ್ಲಿ ಇವೆರಡೂ ಬೇರೆಬೇರೆ ವಸ್ತುಗಳಾಗಿಯೇ ಉಳಿದಿವೆ. ಕತ್ತಿಯೊಂದಿಗೆ ಕೂಡಿ ಉಂಟಾದ ಸಮಾಸಪದಗಳು ಗಮನಾರ್ಹ. ಹಿರಿದಾದುದು ಹೆಗ್ಗತ್ತಿ, ಕಿರಿದಾದುದು ಕಿರುಗತ್ತಿ. ಕಾಲಿನಿಂದ ಮೆಟ್ಟಿ ಕುಳಿತು ಅಡಕೆ ಸುಲಿಯಲು, ತರಕಾರಿ ಹೆಚ್ಚಲು ಬಳಸುವುದು ಮೆಟ್ಟುಗತ್ತಿ. ಕೊಡಗಿನಲ್ಲಿ ಅಗಲವಾದ ಅಲಗಿನ ಒಡಿಕತ್ತಿ ಮತ್ತು ಚೇಲೆಯಲ್ಲಿ ಸಿಕ್ಕಿಸಿಕೊಳ್ಳುವ ಪೀಚೆಕತ್ತಿ ಎಂಬ ಎರಡು ಬಗೆಗಳಿವೆ. ಹಳೆಯ ಮೈಸೂರು ಸೀಮೆಯಲ್ಲಿ ಎಳನೀರು ಕೆತ್ತಲು, ಸೌದೆ ಸೀಳಲು ಮಚ್ಚು ಬಳಕೆಯಲ್ಲಿದ್ದರೆ, ಪೈರು ಕೊಯ್ಯಲು ಕುಡುಗೋಲು ಅಥವಾ ಕುಡ್ಲು ಇದೆ. ಬಯಲುಸೀಮೆಯಲ್ಲಿ ಕೊಯ್ಯುವ ಉಪಕರಣವೂ ಕಡಿಯುವ ಉಪಕರಣವೂ ಹೀಗೆ ಪ್ರತ್ಯೇಕವಾಗಿ ಬೆಳೆದವು. ಮಲೆನಾಡಿನ ಕತ್ತಿಯು ಒಂದೇ ಅಲಗಿನಲ್ಲಿ ಎರಡನ್ನೂ ಕೂಡಿಸಿಕೊಂಡಿತು.

ಹೀಗೆ ಕೂಡಿಸಿಕೊಳ್ಳಲು ಕಾರಣ ಅಲ್ಲಿಯ ಕೆಲಸದ ಸ್ವರೂಪ. ಅಡಕೆ ತೋಟದ ಕೃಷಿಯು ಸುತ್ತಲಿನ ಸೊಪ್ಪಿನ ಬೆಟ್ಟವನ್ನು ಅವಲಂಬಿಸಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಟ್ಟ ವ್ಯವಸ್ಥೆಯೇ ಇದಕ್ಕೆ ಸಾಕ್ಷಿ. ಮರ ಹತ್ತಿ ಸೊಪ್ಪು ಕಡಿಯುವುದು, ಕೆಳಗಿಳಿದು ಅದನ್ನು ಸವರಿ ಹೊರೆ ಕಟ್ಟುವುದು, ಹೊರೆ ಕಟ್ಟಲು ಬಳ್ಳಿ ಕೊಯ್ಯುವುದು, ಬರುವ ದಾರಿಯಲ್ಲಿ ಮುಳ್ಳು ಬಿಡಿಸುವುದು, ಬೇಲಿಯ ಗೂಟಕ್ಕೆ ಮೊನೆ ಮಾಡುವುದು, ಇವೆಲ್ಲವೂ ಒಂದೇ ದಿನದಲ್ಲಿ ಒಬ್ಬನೇ ಮಾಡುವ ಕೆಲಸಗಳು. ನಾಲ್ಕು ಉಪಕರಣಗಳನ್ನು ಹೊತ್ತು ಮರ ಹತ್ತುವುದು ಸಾಧ್ಯವಿಲ್ಲ.

ಐತಿಹಾಸಿಕ ಹಿನ್ನೆಲೆ

ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಬಹು ಪ್ರಾಚೀನವಾದುದು. ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಬ್ಬಿಣದ ವಸ್ತುಗಳು ದಕ್ಷಿಣ ಭಾರತದ ಪ್ರಾಚೀನ ಕಬ್ಬಿಣ ಬಳಕೆಯ ಚರ್ಚೆಯಲ್ಲಿ ಮುಖ್ಯ ಆಧಾರಗಳಾಗಿವೆ. ಬ್ರಹ್ಮಗಿರಿಯೇ ಮೊದಲಾದ ಬೃಹತ್ ಶಿಲಾಸಮಾಧಿ ನೆಲೆಗಳಲ್ಲಿಯೂ ಕಬ್ಬಿಣದ ಉಪಕರಣಗಳು ಕಂಡುಬಂದಿವೆ. 1800-01ರಲ್ಲಿ ಮೈಸೂರು, ಕೆನರಾ ಮತ್ತು ಮಲಬಾರ್ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಕಥನದಲ್ಲಿ ಇಲ್ಲಿಯ ಕಬ್ಬಿಣ ಮತ್ತು ಉಕ್ಕಿನ ತಯಾರಿಕೆಯನ್ನು ವಿವರಿಸಿದ್ದಾನೆ. ಆ ಕಾಲದಲ್ಲಿ ಉಕ್ಕು ಶ್ರಮದಿಂದ ಸಿದ್ಧವಾಗುವ ದುಬಾರಿ ವಸ್ತು. ಆದ್ದರಿಂದ ಅಲಗಿನ ಮೈಯನ್ನು ಮೆದು ಕಬ್ಬಿಣದಿಂದ ಮಾಡಿ, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿಯನ್ನು ಕಾಯಿಸಿ ಬೆಸೆಯುವ ವಿಧಾನ ರೂಢಿಯಲ್ಲಿತ್ತು. ಸವೆದ ಕತ್ತಿಗೆ ಮತ್ತೆ ಉಕ್ಕು ಹಾಕಿಸುವುದು ಈ ವಿಧಾನದ ಸಹಜ ಮುಂದುವರಿಕೆ.

ಭದ್ರಾವತಿಯ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದುದು, ಮೋಟಾರು ವಾಹನಗಳು ಹಳ್ಳಿಯನ್ನು ತಲುಪಿದುದು, ಇವುಗಳಿಂದ ಕಮ್ಮಾರನ ಕಚ್ಚಾವಸ್ತು ಬದಲಾಯಿತು. ಲಾರಿ, ಬಸ್ಸುಗಳ ಸವೆದ ಸ್ಪ್ರಿಂಗ್ ಪಟ್ಟಿಗಳು ಕುಲುಮೆಗೆ ಬಂದವು. ಇಂದು ಕುಲುಮೆಯಲ್ಲಿ ತಯಾರಾಗುವ ಉತ್ತಮ ಕತ್ತಿಗಳಲ್ಲಿ ಹೆಚ್ಚಿನವು ಈ ಉಕ್ಕಿನವೇ.

ಅಲಗಿನ ಆಕಾರ

ಕತ್ತಿಯನ್ನು ಆರಿಸುವವರು ಮೊದಲು ನೋಡಬೇಕಾದುದು ಅಲಗಿನ ಬಾಗು. ಮಲೆನಾಡಿನ ಕತ್ತಿಯ ತುದಿ ಹಕ್ಕಿಯ ಕೊಕ್ಕಿನಂತೆ ಮುಂದಕ್ಕೆ ಬಾಗಿದ್ದು, ಬಾಯಿಯು ಒಳಬಾಗಿನಲ್ಲಿರುತ್ತದೆ. ಇದು ಅಲಂಕಾರಕ್ಕಾಗಿ ಬಂದುದಲ್ಲ. ನೇರ ಅಲಗಿನಿಂದ ತೆಳುವಾದ ಹಸಿರು ಕೊಂಬೆಗೆ ಹೊಡೆದಾಗ ಕೊಂಬೆ ಬಾಗಿ ಜಾರಿಕೊಳ್ಳುತ್ತದೆ. ಒಳಬಾಗಿನ ಅಲಗು ಕೊಂಬೆಯನ್ನು ತನ್ನ ತೆಕ್ಕೆಗೆ ತೆಗೆದುಕೊಂಡು ಜಾರಲು ಬಿಡುವುದಿಲ್ಲ. ಹೊಡೆತದ ಕೊನೆಯಲ್ಲಿ ಕತ್ತಿಯನ್ನು ತನ್ನೆಡೆಗೆ ಎಳೆದರೆ ಕಡಿತವು ಕೊಯ್ತವಾಗಿ ಮುಗಿಯುತ್ತದೆ. ದೂರದ ಬಳ್ಳಿಯನ್ನು ಕೈಯಳತೆಗೆ ಎಳೆದುಕೊಳ್ಳಲು, ಮುಳ್ಳಿನ ಕಂಟಿಯನ್ನು ಮುಟ್ಟದೆ ಸರಿಸಲು ಅದೇ ಕೊಕ್ಕು ನೆರವಾಗುತ್ತದೆ. ನೆಲದ ಸಮೀಪ ಕಡಿಯುವಾಗ ಮೊದಲು ಕಲ್ಲಿಗೆ ತಾಗುವುದು ಕೊಕ್ಕಿನ ತುದಿ. ಮುಖ್ಯವಾಗಿ ಕೆಲಸ ಮಾಡುವ ಒಳಬಾಯಿ ಮುಕ್ಕಾಗದೆ ಉಳಿಯುತ್ತದೆ.

ಎರಡನೆಯದು ಉದ್ದ ಮತ್ತು ತೂಕ. ಹೊಡೆತದ ಶಕ್ತಿಯು ತೂಕವನ್ನು ಅವಲಂಬಿಸಿದಂತೆ ವೇಗವನ್ನೂ ಅವಲಂಬಿಸಿದೆ. ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟಾಗುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಹೊರಲಾರದ ಭಾರದ ಕತ್ತಿಗಿಂತ, ಬಳಸುವವನು ವೇಗವಾಗಿ ಬೀಸಬಲ್ಲ ಕತ್ತಿಯೇ ಹೆಚ್ಚು ಕಡಿಯುತ್ತದೆ. ಭಾರವು ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಅಲಗನ್ನು ಬೆರಳಿನ ಮೇಲೆ ಅಡ್ಡವಾಗಿಟ್ಟು ತೂಗಿ ನೋಡಿದಾಗ ಸಮತೋಲದ ಬಿಂದು ಹಿಡಿಯಿಂದ ದೂರವಿದ್ದರೆ ಅದು ಕಡಿಯುವ ಕತ್ತಿ. ಹಿಡಿಯ ಹತ್ತಿರವಿದ್ದರೆ ಅದು ಕೆತ್ತುವ, ಸುಲಿಯುವ ಕತ್ತಿ. ಮರ ಹತ್ತಿ ಸೊಪ್ಪು ಕಡಿಯುವವನಿಗೆ ಒಂದೇ ಕೈಯಲ್ಲಿ ದಿನವಿಡೀ ಬೀಸಬಹುದಾದ ಹಗುರ ಕತ್ತಿ ಬೇಕು. ನೆಲದ ಮೇಲೆ ನಿಂತು ಸೌದೆ ಸೀಳುವವನಿಗೆ ಬೆನ್ನು ದಪ್ಪವಿರುವ ಭಾರದ ಕತ್ತಿ ಬೇಕು.

ಇದೇ ತತ್ತ್ವವನ್ನು ಬೇರೆ ನಾಡುಗಳ ಕತ್ತಿಗಳಲ್ಲಿಯೂ ಕಾಣಬಹುದು. ನೇಪಾಳದ ಖುಕುರಿಯು ಮುಂದಕ್ಕೆ ಬಾಗಿ ಭಾರವನ್ನು ತುದಿಯ ಕಡೆಗೆ ಇರಿಸಿಕೊಂಡಿದೆ. ಮಲಯ ದ್ವೀಪಸಮೂಹದ ಪರಾಂಗ್ ಉಷ್ಣವಲಯದ ಹಸಿ ಗಿಡಗಂಟಿಗಳನ್ನು ಕಡಿಯಲು ಹೊಂದಿಕೊಂಡಿದೆ. ಫಿನ್‌ಲೆಂಡಿನ ಪುಕ್ಕೋ ಎಂಬ ಕತ್ತಿಯು ಗಿಡ್ಡದಾಗಿ, ನೇರವಾಗಿ ಇದ್ದು ಮರವನ್ನು ಕೆತ್ತಲು ಹೆಚ್ಚು ಒದಗುತ್ತದೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಪ್ರತಿಯೊಂದೂ ತನ್ನ ಕಾಡಿಗೆ ಉತ್ತರವಾಗಿ ಹುಟ್ಟಿದುದು. ಪುಕ್ಕೋ ಹಿಡಿದು ಸೊಪ್ಪಿನ ಬೆಟ್ಟಕ್ಕೆ ಹೋಗುವವನೂ, ಒಡಿಕತ್ತಿಯಿಂದ ಚಮಚ ಕೆತ್ತಲು ಕೂರುವವನೂ ಸಮಾನವಾಗಿ ಬಳಲುತ್ತಾರೆ.

ಉಕ್ಕು ಮತ್ತು ಹದ

ಅಲಗಿನ ಗುಣವನ್ನು ನಿರ್ಧರಿಸುವ ಮುಖ್ಯ ಅಂಶ ಉಕ್ಕಿನಲ್ಲಿರುವ ಇಂಗಾಲದ ಪ್ರಮಾಣ. ಸಾಮಾನ್ಯ ಮೆದು ಕಬ್ಬಿಣದಲ್ಲಿ ಇಂಗಾಲ ಶೇಕಡಾ 0.25ಕ್ಕಿಂತ ಕಡಿಮೆ ಇರುತ್ತದೆ. ಅದನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಬಾಯಿ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಕಟ್ಟಡದ ಸರಳುಗಳಿಂದ ಮಾಡಿದ ಕತ್ತಿ ಬೇಗ ಮೊಂಡಾಗುವುದು ಈ ಕಾರಣದಿಂದ. ವಾಹನಗಳ ಸ್ಪ್ರಿಂಗ್ ಪಟ್ಟಿಯಲ್ಲಿ ಇಂಗಾಲ ಸುಮಾರು ಶೇಕಡಾ 0.5ರಿಂದ 0.65ರವರೆಗೆ ಇರುತ್ತದೆ. ಹೊಡೆತವನ್ನು ತಾಳುವ ಬಿಗುವೂ ಹರಿತವನ್ನು ಉಳಿಸಿಕೊಳ್ಳುವ ಗಡಸುತನವೂ ಅದರಲ್ಲಿ ಸಮನಾಗಿ ಕೂಡಿರುವುದರಿಂದ ಕಡಿಯುವ ಕತ್ತಿಗೆ ಅದು ಅನುಕೂಲ.

ಆದರೆ ಉಕ್ಕು ಒಳ್ಳೆಯದಾದ ಮಾತ್ರಕ್ಕೆ ಕತ್ತಿ ಒಳ್ಳೆಯದಾಗುವುದಿಲ್ಲ. ಅದಕ್ಕೆ ಹದ ಬೇಕು. ಕಮ್ಮಾರನು ಅಲಗನ್ನು ಕೆಂಪಗೆ ಕಾಯಿಸುತ್ತಾನೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಅದಕ್ಕಿಂತ ಇನ್ನೂ ಸ್ವಲ್ಪ ಮೇಲಿನ ಕಾವು ಹದಕ್ಕೆ ತಕ್ಕುದು. ಉಷ್ಣಮಾಪಕವಿಲ್ಲದ ಕುಲುಮೆಯಲ್ಲಿ ಈ ಕಾವನ್ನು ಕಣ್ಣಿನಿಂದಲೇ ಗುರುತಿಸಬೇಕು. ಬಿಸಿಲಿನಲ್ಲಿ ಕಾದ ಕಬ್ಬಿಣದ ಬಣ್ಣ ಸರಿಯಾಗಿ ಕಾಣುವುದಿಲ್ಲವಾದ್ದರಿಂದ ನೆರಳು ಕವಿದ ಕುಲುಮೆ ಈ ಕೆಲಸಕ್ಕೆ ತಕ್ಕುದು. ತಕ್ಕ ಕಾವಿನಲ್ಲಿ ಬಾಯಿಯನ್ನು ನೀರಿಗೋ ಎಣ್ಣೆಗೋ ಅದ್ದಿದಾಗ ಉಕ್ಕು ಗಾಜಿನಂತೆ ಗಡಸಾಗುತ್ತದೆ. ಹಾಗೆಯೇ ಬಿಟ್ಟರೆ ಮೊದಲ ಹೊಡೆತಕ್ಕೇ ಬಾಯಿ ಮುಕ್ಕಾಗುತ್ತದೆ. ಆದ್ದರಿಂದ ಅಲಗನ್ನು ಮತ್ತೆ ಮೆಲ್ಲಗೆ ಕಾಯಿಸಿ ಗಡಸುತನವನ್ನು ಇಳಿಸಬೇಕು. ಉಜ್ಜಿ ಹೊಳಪಾಗಿಸಿದ ಉಕ್ಕಿನ ಮೇಲೆ ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ, 255ರ ಸುಮಾರಿಗೆ ಕಂದು, 280ರ ಸುಮಾರಿಗೆ ನೇರಳೆ, 300ರ ಸುಮಾರಿಗೆ ನೀಲಿ ಛಾಯೆ ಹರಡುತ್ತದೆ. ಕೆತ್ತುವ ಕತ್ತಿಗೆ ಹುಲ್ಲಿನ ಬಣ್ಣದಲ್ಲಿ, ಕಡಿಯುವ ಕತ್ತಿಗೆ ಕಂದು-ನೇರಳೆಗಳ ನಡುವೆ ನಿಲ್ಲಿಸುವುದು ಸೂಕ್ತ. ಹೀಗೆ ಹದಗೊಂಡ ಕತ್ತಿಯಲ್ಲಿ ಬಾಯಿ ಗಡಸಾಗಿಯೂ ಬೆನ್ನು ಮೆದುವಾಗಿಯೂ ಇರುತ್ತದೆ.

ಕನ್ನಡದಲ್ಲಿ ಮಣ್ಣಿಗೂ ಹದವಿದೆ, ಬೆಲ್ಲದ ಪಾಕಕ್ಕೂ ಹದವಿದೆ, ಉಕ್ಕಿಗೂ ಹದವಿದೆ. ಅತಿಯಾಗದೆ, ಕಡಿಮೆಯೂ ಆಗದೆ, ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿರುವುದೇ ಹದ. ಕತ್ತಿಯ ವಿಷಯದಲ್ಲಿ ಈ ಪದಕ್ಕೆ ಇರುವ ತಾಂತ್ರಿಕ ನಿಖರತೆಯು, ನಮ್ಮ ಶ್ರಮಜೀವಿಗಳ ಭಾಷೆಯಲ್ಲಿ ಲೋಹವಿಜ್ಞಾನವು ಹೇಗೆ ಅಡಗಿದೆ ಎಂಬುದಕ್ಕೆ ಒಳ್ಳೆಯ ನಿದರ್ಶನ.

ಕೊಳ್ಳುವವರು ಹದವನ್ನು ಪರೀಕ್ಷಿಸಲು ಕೆಲವು ಸರಳ ವಿಧಾನಗಳಿವೆ. ಅಲಗನ್ನು ತೂಗುಬಿಟ್ಟು ಬೆರಳಿನಿಂದ ತಟ್ಟಿದಾಗ ತುಂಬಿದ ನಾದ ಬರಬೇಕು. ಒಡಕು ದನಿ ಬಂದರೆ ಒಳಗೆ ಬಿರುಕಿರುವ ಸಂಭವವಿದೆ. ಅರವನ್ನು ಬಾಯಿಯ ಮೇಲೆ ಮೆಲ್ಲಗೆ ಎಳೆದಾಗ ಅದು ಸುಲಭವಾಗಿ ಕಚ್ಚಿದರೆ ಅಲಗು ಮೆದು. ಸ್ವಲ್ಪವೂ ಕಚ್ಚದೆ ಜಾರಿದರೆ ಅತಿ ಗಡಸು. ಪ್ರಯಾಸದಿಂದ ಕಚ್ಚಿದರೆ ಹದ ಸರಿಯಾಗಿದೆ. ಕೊನೆಯದಾಗಿ ಒಣ ಬಿದಿರಿನ ಗಿಣ್ಣಿಗೆ ನಾಲ್ಕಾರು ಹೊಡೆತ ಹೊಡೆದು ಬಾಯಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಬಾಯಿ ಮಡಚಿದ್ದರೆ ಹದ ಸಾಲದು, ಮುಕ್ಕಾಗಿದ್ದರೆ ಹದ ಮೀರಿದೆ. ಎರಡು ಸಂದರ್ಭಗಳಲ್ಲಿಯೂ ಕತ್ತಿಯನ್ನು ಕುಲುಮೆಗೆ ಹಿಂದಿರುಗಿಸಿ ಮತ್ತೆ ಹದ ಹಾಕಿಸಬಹುದು. ತುಕ್ಕು ಹಿಡಿಯದ ಉಕ್ಕಿನ ಕತ್ತಿ ಮಳೆನಾಡಿಗೆ ಅನುಕೂಲವೆಂದು ತೋರಿದರೂ ಅದರ ಹದಕ್ಕೆ ಇದಕ್ಕಿಂತ ಹೆಚ್ಚಿನ ಕಾವು ಮತ್ತು ನಿಖರ ನಿಯಂತ್ರಣ ಬೇಕಾಗುವುದರಿಂದ ಹಳ್ಳಿಯ ಕುಲುಮೆಯಲ್ಲಿ ಅದನ್ನು ರಿಪೇರಿ ಮಾಡುವುದು ಕಷ್ಟ.

ಹಿಡಿ

ಅಲಗು ಎಷ್ಟೇ ಉತ್ತಮವಾಗಿದ್ದರೂ ಹಿಡಿ ಸರಿಯಿಲ್ಲದಿದ್ದರೆ ಕತ್ತಿ ಅಪಾಯಕಾರಿ. ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳುಗಳ ತುದಿ ಅಂಗೈಗೆ ಮೆಲ್ಲನೆ ತಾಗಬೇಕು. ಬೆರಳು ಅಂಗೈಯೊಳಕ್ಕೆ ಒತ್ತಿದರೆ ಹಿಡಿ ತೆಳುವಾಯಿತು. ತಾಗದೆ ಉಳಿದರೆ ದಪ್ಪವಾಯಿತು. ಹಿಡಿಯ ಅಡ್ಡಕೊಯ್ತ ದುಂಡಗಿರದೆ ಮೊಟ್ಟೆಯಾಕಾರದಲ್ಲಿರಬೇಕು. ಆಗ ಬಾಯಿ ಯಾವ ಕಡೆಗಿದೆ ಎಂಬುದು ಕಣ್ಣಿನ ನೆರವಿಲ್ಲದೆ ಕೈಗೇ ತಿಳಿಯುತ್ತದೆ. ಮರದ ಮೇಲೆ ನಿಂತು ತಲೆಗಿಂತ ಎತ್ತರದ ಕೊಂಬೆಗೆ ಬೀಸುವವನಿಗೆ ಈ ತಿಳಿವು ಅತ್ಯವಶ್ಯ. ಹಿಡಿಯ ತುದಿಯಲ್ಲಿ ಸ್ವಲ್ಪ ಉಬ್ಬು ಇದ್ದರೆ ಬೆವರು, ಮಳೆಗಳಿಂದ ಒದ್ದೆಯಾದ ಕೈಯಿಂದ ಕತ್ತಿ ಜಾರುವುದಿಲ್ಲ.

ಮರವು ಚೆನ್ನಾಗಿ ಒಣಗಿದ್ದು, ಗಂಟುಗಳಿಲ್ಲದೆ, ಎಳೆಗಳು ಹಿಡಿಯ ಉದ್ದಕ್ಕೆ ನೇರವಾಗಿರಬೇಕು. ಹಿಡಿಯೊಳಗೆ ಇಳಿದಿರುವ ಅಲಗಿನ ಬಾಲ ಗಿಡ್ಡದಾಗಿದ್ದರೆ ಭಾರದ ಹೊಡೆತಕ್ಕೆ ಅಲಗು ಕಳಚಿ ಹಾರುವ ಅಪಾಯವಿದೆ. ಬಾಲವು ಹಿಡಿಯ ಉದ್ದಕ್ಕೂ ಸಾಗಿ ಹಿಂದುಗಡೆ ಮಡಚಿದ್ದರೆ ಅದು ಅತ್ಯಂತ ಭದ್ರ. ಹಿಡಿಯ ಬಾಯಿಗೆ ಲೋಹದ ಬಳೆ ಇದ್ದರೆ ಮರ ಸೀಳುವುದಿಲ್ಲ. ಬೇಸಗೆಯಲ್ಲಿ ಮರ ಕುಗ್ಗಿ ಹಿಡಿ ಸಡಿಲವಾಗುವುದು ಸಾಮಾನ್ಯ. ಸಡಿಲವಾದ ಕತ್ತಿಯನ್ನು ನೀರಲ್ಲಿ ನೆನೆಸಿ ಬಿಗಿ ಮಾಡಿಕೊಳ್ಳುವುದು ಒಂದು ದಿನದ ಉಪಾಯ. ಮರ ಒಣಗಿದೊಡನೆ ಅದು ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ.

ಕೈಗೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಉಲ್ಲೇಖಿಸಬೇಕು. ಕೆಲವು ಕತ್ತಿಗಳ ಬಾಯಿಯನ್ನು ಎರಡೂ ಬದಿಗಳಿಂದ ಮಸೆಯದೆ ಒಂದೇ ಬದಿಯಿಂದ ಇಳಿಜಾರು ಮಾಡಿರುತ್ತಾರೆ. ಇಂತಹ ಬಾಯಿ ಕೆತ್ತನೆಗೆ ಚೆನ್ನಾಗಿ ಒದಗುತ್ತದೆ. ಆದರೆ ಬಲಗೈಯವನಿಗಾಗಿ ಮಾಡಿದ ಇಳಿಜಾರು ಎಡಗೈಯವನಿಗೆ ವಿರುದ್ಧವಾಗಿ ವರ್ತಿಸುತ್ತದೆ. ಕತ್ತಿ ಮರದೊಳಕ್ಕೆ ಕಚ್ಚುವ ಬದಲು ಹೊರಕ್ಕೆ ಜಾರುತ್ತದೆ. ಎದುರಿಗೆ ನಿಂತ ಬಳಕೆದಾರನಿಗಾಗಿ ಕಬ್ಬಿಣ ಬಡಿಯುವ ಕಮ್ಮಾರನು ಎಡಚನಿಗೆ ಎಡದ ಬಾಯಿ ಮಾಡಿಕೊಡಬಲ್ಲ. ಹೆಣ್ಣಾಳಿನ ಕೈಗೆ ತಕ್ಕ ಹಗುರ ಅಲಗನ್ನೂ ಸಣ್ಣ ಹಿಡಿಯನ್ನೂ ಮಾಡಿಕೊಡಬಲ್ಲ. ಸರಾಸರಿ ಕೈಯೊಂದನ್ನು ಊಹಿಸಿ ಸಾವಿರಗಟ್ಟಲೆ ತಯಾರಿಸುವ ಕಾರ್ಖಾನೆಗೆ ಇದು ಸಾಧ್ಯವಾಗದು.

ಒಯ್ಯುವ ಕ್ರಮ

ಮಲೆನಾಡಿನ ಆಳು ಸೊಂಟದ ಹಿಂಬದಿಗೆ ಕೊಕ್ಕೆಯೊಂದನ್ನು ಕಟ್ಟಿಕೊಂಡು ಅದಕ್ಕೆ ಕತ್ತಿಯನ್ನು ಸಿಕ್ಕಿಸುತ್ತಾನೆ. ಕೊಡಗಿನಲ್ಲಿ ಒಡಿಕತ್ತಿಯನ್ನು ಸಿಕ್ಕಿಸುವ ಹಿತ್ತಾಳೆಯ ಸಾಧನಕ್ಕೆ ತೋಡಂಗ್ ಎಂದು ಹೆಸರು. ಅದೂ ಬೆನ್ನ ಹಿಂದೆಯೇ ಇರುತ್ತದೆ. ಎರಡು ಕಡೆಯ ವ್ಯವಸ್ಥೆಗೂ ಒಂದೇ ತರ್ಕವಿದೆ. ಮರ ಹತ್ತುವಾಗ, ಹೊರೆ ಎತ್ತುವಾಗ ಎರಡೂ ಕೈ ಬಿಡುವಾಗಿರಬೇಕು. ಮುಂದಕ್ಕೆ ಬಾಗಿದಾಗ ಅಲಗು ಹೊಟ್ಟೆಗಾಗಲಿ ತೊಡೆಗಾಗಲಿ ತಾಗಬಾರದು. ಕೈ ಹಿಂದಕ್ಕೆ ಚಾಚಿದೊಡನೆ ಹಿಡಿ ಸಿಗಬೇಕು. ಅಗಲವಾದ, ಬಾಗಿದ ಅಲಗಿಗೆ ಮುಚ್ಚಿದ ಒರೆ ಮಾಡುವುದು ಕಷ್ಟ. ಮಾಡಿದರೂ ಮಳೆಗಾಲದಲ್ಲಿ ತೇವ ನಿಂತು ಅಲಗು ತುಕ್ಕು ಹಿಡಿಯುತ್ತದೆ. ತೆರೆದ ಕೊಕ್ಕೆಯಲ್ಲಿ ನೀರು ನಿಲ್ಲುವುದಿಲ್ಲ. ಆದರೆ ತೆರೆದ ಅಲಗು ಹಿಂದೆ ಬರುವವನಿಗೆ ಅಪಾಯ ಒಡ್ಡುತ್ತದೆ. ಆದ್ದರಿಂದ ಇಕ್ಕಟ್ಟಾದ ಕಾಲುದಾರಿಯಲ್ಲಿ ಅಂತರ ಬಿಟ್ಟು ನಡೆಯಬೇಕು. ಚಾರಣಕ್ಕೆ ಹೋಗುವ ಇಂದಿನವರಿಗೆ, ವಾಹನದಲ್ಲಿ ಪ್ರಯಾಣಿಸುವವರಿಗೆ ಮುಚ್ಚಿದ ಒರೆಯೇ ಕ್ಷೇಮ.

ಬಳಕೆಯ ಕ್ರಮ

ಕೊಂಬೆಯನ್ನು ಅಡ್ಡಲಾಗಿ ನೇರಕ್ಕೆ ಕಡಿಯಬಾರದು. ಎಳೆಗಳಿಗೆ ಓರೆಯಾಗಿ ಹೊಡೆದರೆ ಅಲಗು ಎಳೆಗಳ ನಡುವೆ ಇಳಿಯುತ್ತದೆ, ಶ್ರಮ ಕಡಿಮೆಯಾಗುತ್ತದೆ. ಹೊಡೆತ ತಪ್ಪಿದರೆ ಕತ್ತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಹೊಡೆಯುವ ಮೊದಲೇ ನೋಡಿಕೊಳ್ಳಬೇಕು. ಆ ದಾರಿಯಲ್ಲಿ ಮೊಣಕಾಲಾಗಲಿ, ಕೊಂಬೆ ಹಿಡಿದ ಎಡಗೈಯಾಗಲಿ, ಇನ್ನೊಬ್ಬರಾಗಲಿ ಇರಕೂಡದು. ಬಾಗಿ ಬಿಗಿದು ನಿಂತ ಕೊಂಬೆಯ ಹೊರಬದಿಗೆ ಒಮ್ಮೆಲೇ ಜೋರಾಗಿ ಹೊಡೆದರೆ ಅದು ಸಿಡಿದು ಮುಖಕ್ಕೆ ಬಡಿಯಬಹುದು. ಬದಿಗೆ ನಿಂತು ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು.

ಸೊಪ್ಪು ಕಡಿತದಲ್ಲಿ ಮರದ ಆಯುಷ್ಯವೂ ಕತ್ತಿಯ ಬಳಕೆಯನ್ನು ಅವಲಂಬಿಸಿದೆ. ದಪ್ಪ ಕೊಂಬೆಯನ್ನು ಮೇಲಿನಿಂದ ಮಾತ್ರ ಕಡಿದರೆ ಅದು ಅರ್ಧಕ್ಕೆ ಮುರಿದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುತ್ತದೆ. ಆ ಗಾಯದಲ್ಲಿ ನೀರು ನಿಂತು ಕೊಳೆತ ಆರಂಭವಾಗುತ್ತದೆ. ಮೊದಲು ಕೆಳಗಿನಿಂದ ಒಂದು ಗಾಯ ಮಾಡಿ ಅನಂತರ ಮೇಲಿನಿಂದ ಕಡಿದರೆ ತೊಗಟೆ ಉಳಿಯುತ್ತದೆ, ಮರ ಮತ್ತೆ ಚಿಗುರುತ್ತದೆ. ಬೆಟ್ಟವನ್ನು ತಲೆಮಾರುಗಳವರೆಗೆ ಉಳಿಸಿಕೊಳ್ಳಬೇಕಾದ ಕೃಷಿಕನಿಗೆ ಇದು ಸಣ್ಣ ವಿಷಯವಲ್ಲ. ಬಿದಿರನ್ನು ಗಿಣ್ಣಿನ ಮೇಲ್ಭಾಗಕ್ಕೆ ಸೇರಿದಂತೆ ಕಡಿಯಬೇಕು. ಗಿಣ್ಣುಗಳ ನಡುವೆ ಕಡಿದರೆ ಉಳಿದ ಕೊಳವೆಯಲ್ಲಿ ಮಳೆನೀರು ತುಂಬುತ್ತದೆ. ನೆಲದಲ್ಲಿ ಓರೆಯಾದ ಮೊನಚು ಮೋಟುಗಳನ್ನು ಬಿಡುವುದು ಬರಿಗಾಲಿನಲ್ಲಿ ನಡೆಯುವವರಿಗೂ ದನಕರುಗಳಿಗೂ ಅಪಾಯಕರ.

ಸೌದೆ ಸೀಳುವಾಗ ಒಂದು ಕೈಯಲ್ಲಿ ತುಂಡನ್ನು ಹಿಡಿದು ಇನ್ನೊಂದರಿಂದ ಹೊಡೆಯುವುದು ಬಹಳ ಮಂದಿ ಬೆರಳು ಕಳೆದುಕೊಳ್ಳುವ ದಾರಿ. ತುಂಡನ್ನು ದಿಮ್ಮಿಯ ಮೇಲೆ ನಿಲ್ಲಿಸಿ, ಅಲಗನ್ನು ಅದರ ಮೇಲಿಟ್ಟು, ಕತ್ತಿಯ ಬೆನ್ನಿಗೆ ಮರದ ಕೊಡತಿಯಿಂದ ಬಡಿಯುವುದು ಕ್ಷೇಮಕರ. ಕಬ್ಬಿಣದ ಸುತ್ತಿಗೆಯನ್ನು ಇದಕ್ಕೆ ಬಳಸಬಾರದು. ಬೆನ್ನು ಹಿಗ್ಗಿ ಚೂರುಗಳು ಸಿಡಿಯುತ್ತವೆ. ಗೂಟಕ್ಕೆ ಮೊನೆ ಮಾಡುವಾಗ ಅಲಗು ಯಾವಾಗಲೂ ಮೈಯಿಂದ ಹೊರಕ್ಕೆ ಚಲಿಸಬೇಕು.

ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳವಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕೊಡುವವನು ನೆಲದ ಮೇಲಿಡುತ್ತಾನೆ, ಪಡೆಯುವವನು ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಹರಿತವಾದ ಅಲಗು ಒಂದು ಕ್ಷಣವೂ ಇಬ್ಬರ ಹಿಡಿತದಲ್ಲಿ ಇರಬಾರದೆಂಬ ಸುರಕ್ಷತೆಯ ನಿಯಮವನ್ನು ಈ ನಂಬಿಕೆಯು ಮಕ್ಕಳಿಗೂ ನೆನಪಿರುವಂತೆ ಕಾಪಾಡಿಕೊಂಡು ಬಂದಿದೆ.

ಮಸೆಯುವಿಕೆ ಮತ್ತು ರಕ್ಷಣೆ

ಹರಿತವಾದ ಕತ್ತಿಗಿಂತ ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ. ಮೊಂಡು ಕತ್ತಿಗೆ ಹೆಚ್ಚಿನ ಬಲ ಬೇಕು. ಬಲ ಹೆಚ್ಚಿದಂತೆ ಹಿಡಿತ ತಪ್ಪುತ್ತದೆ. ಕಡಿಯುವ ಕತ್ತಿಯ ಬಾಯಿಯ ಒಟ್ಟು ಕೋನ ಸುಮಾರು 30ರಿಂದ 40 ಡಿಗ್ರಿ ಇರಬೇಕು; ಕೆತ್ತುವ ಕತ್ತಿಗೆ 20ರಿಂದ 25 ಡಿಗ್ರಿ ಸಾಕು. ತೆಳ್ಳಗೆ ಮಸೆದ ಬಾಯಿಯಿಂದ ಒಣ ಮರ ಕಡಿದರೆ ಅದು ಮಡಚಿಕೊಳ್ಳುತ್ತದೆ.

ಒಳಬಾಗಿನ ಬಾಯಿಯನ್ನು ಚಪ್ಪಟೆ ಸಾಣೆಕಲ್ಲಿನ ಮೇಲೆ ಮಸೆಯಲು ಬರುವುದಿಲ್ಲ. ಇದಕ್ಕೆ ಮಲೆನಾಡು ಕಂಡುಕೊಂಡ ಪರಿಹಾರ ಸೊಗಸಾದುದು. ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ನುಣುಪು ಪುಡಿಯನ್ನು ಉದುರಿಸಿ ಅದರ ಮೇಲೆ ಅಲಗನ್ನು ಹಿಂದೆ ಮುಂದೆ ಎಳೆಯುತ್ತಾರೆ. ಬೆಣಚುಕಲ್ಲು ಉಕ್ಕನ್ನು ತೇಯುವಷ್ಟು ಗಟ್ಟಿ. ಮರ ಮೆದುವಾದ್ದರಿಂದ ಪುಡಿಯ ಕಣಗಳು ಅದರಲ್ಲಿ ನೆಟ್ಟು ನಿಲ್ಲುತ್ತವೆ. ಬಳಸಿದಂತೆಲ್ಲ ಹಲಗೆಯು ಕತ್ತಿಯ ಬಾಗಿಗೆ ಹೊಂದುವಂತೆ ಸವೆಯುತ್ತದೆ. ಯಂತ್ರದ ಸಾಣೆಯಲ್ಲಿ ಮಸೆಯುವಾಗ ಬಾಯಿ ಬಣ್ಣ ತಿರುಗುವಷ್ಟು ಕಾದರೆ ಹದ ಕೆಟ್ಟಿತೆಂದೇ ತಿಳಿಯಬೇಕು. ಆಗಾಗ ನೀರಲ್ಲಿ ಅದ್ದಿಕೊಳ್ಳುವುದು ಅವಶ್ಯ. ಹಸಿ ಅಡಕೆ, ಗೇರು, ಹಲಸುಗಳ ಚೊಗರು ಮತ್ತು ಸೊನೆ ಅಂಟಿದ ಅಲಗನ್ನು ತೊಳೆದು ಒರೆಸಿ, ಮಳೆಗಾಲದಲ್ಲಿ ತೆಳುವಾಗಿ ಎಣ್ಣೆ ಸವರಿಡಬೇಕು.

ಆಚರಣೆ ಮತ್ತು ಕಾನೂನು

ಕತ್ತಿಯ ಗೌರವ ಆಚರಣೆಗಳಲ್ಲಿಯೂ ವ್ಯಕ್ತವಾಗಿದೆ. ನವರಾತ್ರಿಯ ಆಯುಧಪೂಜೆಯಂದು ರೈತನ ಮನೆಯಲ್ಲಿ ಪೂಜೆಗೊಳ್ಳುವುದು ದುಡಿಮೆಯ ಕತ್ತಿ. ಕೊಡಗಿನಲ್ಲಿ ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯೊಂದಿಗೆ ಒಡಿಕತ್ತಿ, ಪೀಚೆಕತ್ತಿಗಳನ್ನು ತೋಕ್ ಪೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಮದುವೆಯಲ್ಲಿ ಒಡಿಕತ್ತಿಯಿಂದ ಬಾಳೆಯ ದಿಂಡು ಕಡಿಯುವ ಸಂಪ್ರದಾಯವೂ ಕತ್ತಿ ಬೀಸುವ ಕೌಶಲವನ್ನು ಸಭೆಯ ಮುಂದೆ ತೋರಿಸುವ ಸಂದರ್ಭವೇ ಆಗಿದೆ.

1959ರ ಶಸ್ತ್ರಾಸ್ತ್ರ ಕಾಯಿದೆಯು ಕೇವಲ ಗೃಹಬಳಕೆಗೆ ಅಥವಾ ಕೃಷಿಗೆಂದೇ ರೂಪಿಸಿದ ವಸ್ತುಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಕಾನೂನು ಇಲ್ಲಿ ಕತ್ತಿಯನ್ನು ಅದರ ಆಕಾರದಿಂದ ಮಾತ್ರವಲ್ಲದೆ ಉದ್ದೇಶದಿಂದಲೂ ಗುರುತಿಸುತ್ತದೆ ಎಂಬುದು ಗಮನಾರ್ಹ. ತೋಟದಲ್ಲಿ ಉಪಕರಣವಾದುದು ಪೇಟೆಯ ಜನಸಂದಣಿಯಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಒಯ್ಯುವವರು ಇದನ್ನು ಮರೆಯಬಾರದು.

ಉಪಸಂಹಾರ

ಯಂತ್ರದ ಗರಗಸ, ಕಳೆ ಸವರುವ ಯಂತ್ರಗಳು ಬಂದ ಮೇಲೆ ಕತ್ತಿಯ ಕೆಲಸ ಕಡಿಮೆಯಾಗಿದೆ. ಅದಕ್ಕಾಗಿ ಮರುಗಬೇಕಾಗಿಲ್ಲ, ದುಡಿಯುವವನ ಶ್ರಮ ಇಳಿದರೆ ಅದು ಒಳ್ಳೆಯದೇ. ಆದರೆ ಕತ್ತಿ ಇನ್ನೂ ಬೇಕಾಗಿರುವಲ್ಲಿಯೂ ಆಯ್ಕೆಯ ಅವಕಾಶ ಕುಗ್ಗುತ್ತಿದೆ. ಸಂತೆಯಲ್ಲಿ ಒಂದೇ ಅಳತೆಯ, ಒಂದೇ ಹದದ ಅಲಗುಗಳು ರಾಶಿ ಬಿದ್ದಿರುತ್ತವೆ. ಕೊಳ್ಳುವವನು ತನ್ನ ಕೈಯನ್ನು ಕತ್ತಿಗೆ ಹೊಂದಿಸಿಕೊಳ್ಳಬೇಕೇ ಹೊರತು ಕತ್ತಿಯನ್ನು ಕೈಗೆ ಹೊಂದಿಸುವವರು ಅಲ್ಲಿಲ್ಲ. ಒಂದು ಕುಲುಮೆ ಆರಿದಾಗ ಸುತ್ತಲಿನ ಹಳ್ಳಿಗಳು ಕತ್ತಿ ಮಾಡುವವನನ್ನು ಕಳೆದುಕೊಳ್ಳುವುದಷ್ಟೇ ಅಲ್ಲ, ‘ನನ್ನ ಕೆಲಸಕ್ಕೆ ಎಂತಹ ಕತ್ತಿ ಬೇಕು’ ಎಂದು ಕೇಳುವ ರೂಢಿಯನ್ನೇ ಕಳೆದುಕೊಳ್ಳುತ್ತವೆ.

ಆದ್ದರಿಂದ ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಸಂಶೋಧಕರು ಮತ್ತು ವಸ್ತುಸಂಗ್ರಹಾಲಯಗಳವರು ಕತ್ತಿಯ ಉದ್ದ, ಅಗಲ, ದೊರೆತ ಸ್ಥಳಗಳನ್ನು ಬರೆದುಕೊಳ್ಳುವುದರೊಂದಿಗೆ ಇನ್ನೂ ಕೆಲವು ಸಂಗತಿಗಳನ್ನು ದಾಖಲಿಸುವುದು ಅಗತ್ಯ. ಬಳಸಿದವರು ಯಾರು, ಬಲಗೈಯವರೇ ಎಡಗೈಯವರೇ, ಯಾವ ಕೆಲಸಕ್ಕೆ, ಎಂತಹ ಗಿಡಮರಗಳ ನಡುವೆ ಬಳಸಿದರು, ಉಕ್ಕು ಎಲ್ಲಿಯದು, ಎಷ್ಟು ಸಲ ಹದ ಹಾಕಿಸಿದರು, ಹಿಡಿಯನ್ನು ಎಷ್ಟು ಸಲ ಬದಲಿಸಿದರು, ಬಾಯಿ ಎಲ್ಲಿ ಹೆಚ್ಚು ಸವೆದಿದೆ, ಸಮತೋಲದ ಬಿಂದು ಎಲ್ಲಿದೆ ಎಂಬಿವುಗಳನ್ನು ಬಳಕೆದಾರರ ಮತ್ತು ಕಮ್ಮಾರರ ಮಾತಿನಲ್ಲಿಯೇ ಸಂಗ್ರಹಿಸಬೇಕು. ಕತ್ತಿಯ ಭಾಗಗಳಿಗೆ, ಉಕ್ಕಿನ ಬಣ್ಣಗಳಿಗೆ, ದೋಷಗಳಿಗೆ ಊರೂರಿನಲ್ಲಿ ಇರುವ ಹೆಸರುಗಳ ಪಟ್ಟಿಯೊಂದೇ ಕನ್ನಡದ ವೃತ್ತಿಪದಕೋಶಕ್ಕೆ ಬೆಲೆಯುಳ್ಳ ಕೊಡುಗೆಯಾಗಬಲ್ಲದು. ಕುಲುಮೆಯ ಮುಂದೆ ಕುಳಿತು ಹದದ ಬಣ್ಣವನ್ನು ಕಣ್ಣಿನಿಂದ ಗುರುತಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗಾಜಿನ ಪೆಟ್ಟಿಗೆಯಲ್ಲಿರುವ ಕತ್ತಿ ಇನ್ನೂ ನೂರು ವರ್ಷ ಕಾಯಬಲ್ಲದು. ಅದರ ಹದವನ್ನು ಬಲ್ಲವರ ಬಳಿಗೆ ಹೋಗುವ ಕೆಲಸ ಮಾತ್ರ ಈಗಲೇ ಆಗಬೇಕು.